ಪೆರ್ಲದ ಹಪ್ಪಳ ಮಂಗಳೂರಿಗೆ ಹೋಗ್ಬೇಕಾದ್ರೆ: ಆನ್‌ಲೈನ್ ಮಾರ್ಲಿಕ್ಕೆ ಯಾವ ಲೈಸೆನ್ಸ್ ಎಲ್ಲ ಬೇಕು

ನಮ್ಮ ಅತ್ತಿಗೆ ಮಾಡುವ ಹಲಸಿನಕಾಯಿ ಹಪ್ಪಳ ತಿಂದವರೆಲ್ಲ ಹೇಳುದು ಒಂದೇ ಮಾತು, ಇದನ್ನು ಆನ್‌ಲೈನಲ್ಲಿ ಹಾಕಿ ಅಂತ. ಹಾಕುವ ಅಂತ ಹೊರಟೆವು, ಆದ್ರೆ ಅಕ್ಷಯ ಸೆಂಟರ್ (ಸರ್ಕಾರಿ ಅರ್ಜಿ ಆನ್‌ಲೈನಲ್ಲಿ ಹಾಕಿ ಕೊಡುವ ಕೇರಳದ ಕೇಂದ್ರ), ಪಂಚಾಯತ್ ಆಫೀಸು, ಅಕೌಂಟೆಂಟ್ ಅಂತ ತಿರುಗಿ ತಿರುಗಿ ಎರಡೂವರೆ ತಿಂಗಳು ಹೋಯ್ತು, ಅದ್ರಲ್ಲಿ ಅರ್ಧಕ್ಕರ್ಧ ಯಾರಾದ್ರೂ ಮೊದಲೇ ಕೂತು ಹೇಳಿದ್ದಿದ್ರೆ ಉಳೀತಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಪೈವಳಿಕೆ, ವರ್ಕಾಡಿ ಕಡೆ ಮನೆಯಲ್ಲೇ ಎಂತಾದ್ರೂ ಮಾಡಿ ಮಾರುವವರಿಗೆ ಆ ಅಲೆದಾಟ ಬೇಡ ಅಂತ ಇದನ್ನು ಬರೀತಾ ಇದ್ದೇನೆ.

ನಮ್ಮ ಕಡೆಯವರಿಗೆ ಇದ್ರಲ್ಲಿ ಒಂದು ವಿಶೇಷ ತೊಂದರೆ ಉಂಟು, ಅದು ಕರ್ನಾಟಕದ ಗಡಿ. ತ್ರಿಶೂರಲ್ಲೋ ಕೊಟ್ಟಾಯಂನಲ್ಲೋ ಇರುವವರಿಗೆ ಗಿರಾಕಿಗಳು ಸುತ್ತಮುತ್ತಲೇ, ಅದೇ ರಾಜ್ಯದೊಳಗೆ ಸಿಗ್ತಾರೆ. ನಮಗೆ ಹಾಗಲ್ಲ, ನಮ್ಮ ಹಪ್ಪಳ ಉಪ್ಪಿನಕಾಯಿ ಬೇಕು ಅನ್ನುವವರು ವಿಟ್ಲ, ಪುತ್ತೂರು, ಮಂಗಳೂರು, ಬೆಂಗಳೂರಿನವರು. ಪೆರ್ಲದಿಂದ ವಿಟ್ಲಕ್ಕೆ ಬಸ್ಸಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರುವಷ್ಟೇ ದೂರ, ಆದ್ರೆ ಅಡ್ಕಸ್ಥಳ ದಾಟಿ ಕರ್ನಾಟಕದ ಸಾರಡ್ಕ ಬಂದ ಕೂಡ್ಲೆ ಜಿಎಸ್‌ಟಿ ಲೆಕ್ಕದಲ್ಲಿ ಅದು ಅಂತರರಾಜ್ಯ ವ್ಯಾಪಾರ, ದೆಹಲಿಗೆ ಕಳಿಸಿದ್ರೂ ವಿಟ್ಲಕ್ಕೆ ಕಳಿಸಿದ್ರೂ ಒಂದೇ. ಎಲ್ಲಾ ಕಾಗದಪತ್ರ ನಿರ್ಧಾರ ಆಗುದು ಎರಡು ಪ್ರಶ್ನೆಯ ಮೇಲೆ, ಎಂತ ಮಾರ್ತೀರಿ ಮತ್ತೆ ಗಡಿಯಾಚೆಗೆ ಮಾರ್ತೀರಾ ಇಲ್ವಾ. ಇದನ್ನು ಮೊದಲು ಒಂದು ಕಾಗದದಲ್ಲಿ ಬರೆದಿಟ್ಟು ಮತ್ತೆ ಅಕ್ಷಯಕ್ಕೆ ಹೋಗಿ.

ಜಿಎಸ್‌ಟಿಯಿಂದ ಶುರು ಮಾಡುವ, ಯಾಕಂದ್ರೆ ಎಲ್ರೂ ಹೆದರುದು ಅದಕ್ಕೇ. ಅಂಗಡಿ ಇಟ್ಟು ಸಾಮಾನು ಮಾರುವವರಿಗೆ ಕೇರಳದಲ್ಲಿ ವರ್ಷಕ್ಕೆ 40 ಲಕ್ಷ ವ್ಯಾಪಾರದ ತನಕ ರಿಜಿಸ್ಟ್ರೇಷನ್ ಬೇಡ. ಆದ್ರೆ 2017ರಲ್ಲಿ ಜಿಎಸ್‌ಟಿ ಬಂದಾಗ ಅಮೆಜಾನ್, ಫ್ಲಿಪ್‌ಕಾರ್ಟ್ ತರದ ಜಾಲತಾಣದಲ್ಲಿ ಮಾರುವವರಿಗೆ ಈ ರಿಯಾಯ್ತಿ ಇರ್ಲಿಲ್ಲ, ಒಂದು ರೂಪಾಯಿ ವ್ಯಾಪಾರ ಆದ್ರೂ ನಂಬರ್ ಬೇಕು ಅಂತಿತ್ತು. 2023ರ ಅಕ್ಟೋಬರ್ 1ರಿಂದ ಸ್ವಲ್ಪ ಸಡಿಲ ಮಾಡಿದ್ರು. ಈಗ ಆ 40 ಲಕ್ಷದೊಳಗಿನ ಸಣ್ಣ ವ್ಯಾಪಾರಿ ಪೂರ್ತಿ ರಿಜಿಸ್ಟ್ರೇಷನ್ ಬದಲು ಜಿಎಸ್‌ಟಿ ಪೋರ್ಟಲಲ್ಲಿ ಪ್ಯಾನ್ ನಂಬರ್, ವಿಳಾಸ ಕೊಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ಮಾತ್ರ ತಗೊಂಡ್ರೆ ಸಾಕು, ರಿಟರ್ನ್ (ವ್ಯಾಪಾರ, ಟ್ಯಾಕ್ಸಿನ ಲೆಕ್ಕ) ಹಾಕುವ ಕೆಲಸವೂ ಇಲ್ಲ. ಮೀಶೋದಲ್ಲಿ ಜಿಎಸ್‌ಟಿ ಇಲ್ಲದೆ ಮಾರುವವರು ಉಪಯೋಗಿಸುದು ಈ ನಂಬರನ್ನೇ. ಕೇಳ್ಲಿಕ್ಕೆ ಬಹಳ ಒಳ್ಳೆದುಂಟು, ಆದ್ರೆ ಶರತ್ತು ಓದಿ: ಒಂದೇ ರಾಜ್ಯದೊಳಗೆ ಮಾರ್ಬೇಕು, ಹೊರ ರಾಜ್ಯಕ್ಕೆ ಒಂದು ಪ್ಯಾಕೆಟ್ ಸಹ ಕಳಿಸ್ಲಿಕ್ಕಿಲ್ಲ. ಅಂದ್ರೆ ಪೆರ್ಲದವರು ತಿರುವನಂತಪುರಕ್ಕೆ ಕಳಿಸ್ಬಹುದು, ವಿಟ್ಲಕ್ಕೆ ಕಳಿಸ್ಲಿಕ್ಕಾಗ್ಲಿಕ್ಕಿಲ್ಲ. ಕಂಪೋಸಿಷನ್ ಸ್ಕೀಮ್ ಅಂತ ಇನ್ನೊಂದುಂಟು, ವ್ಯಾಪಾರದ ಒಂದು ಪರ್ಸೆಂಟ್ ಕಟ್ಟಿ ಮುಗಿಸುದು, ಅದಕ್ಕೂ ಇದೇ ಕಟ್ಟು, ರಾಜ್ಯದ ಒಳಗೆ ಮಾತ್ರ. ಹಾಗಾಗಿ ಟ್ಯಾಕ್ಸ್ ಇರುವ ಸಾಮಾನನ್ನು ಕರ್ನಾಟಕಕ್ಕೆ ಮಾರುವ ಯೋಚನೆ ಇದ್ರೆ ನಮಗೆ ಮಾಮೂಲಿ ಪೂರ್ತಿ ರಿಜಿಸ್ಟ್ರೇಷನ್ನೇ ದಾರಿ.

ಟ್ಯಾಕ್ಸ್ ಇರುವ ಸಾಮಾನು ಅಂತ ಯಾಕೆ ಹೇಳಿದೆ ಅಂದ್ರೆ, ಹಪ್ಪಳಕ್ಕೆ ಜಿಎಸ್‌ಟಿ ಸೊನ್ನೆ, ಹಲಸಿನದ್ದಾಗಲಿ ಉದ್ದಿನದ್ದಾಗಲಿ. ಅಡಿಕೆ ಹಾಳೆಯ ತಟ್ಟೆಗೂ ಸೊನ್ನೆ, ಎಲೆ ತೊಗಟೆಯ ತಟ್ಟೆ ಲೋಟಕ್ಕೆಲ್ಲ 2019ರಲ್ಲಿ ತೆಗೆದು ಹಾಕಿದ್ರು. ಬರೀ ಇಂಥ ಸೊನ್ನೆ ಟ್ಯಾಕ್ಸಿನ ಸಾಮಾನು ಮಾತ್ರ ಮಾರುವವರಿಗೆ ಕಾನೂನು ಪ್ರಕಾರ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಗಡಿಯಾಚೆ ಕಳಿಸಿದ್ರೂ ಕೂಡ. ಆದ್ರೆ ಕಾನೂನು ಬೇರೆ, ಜಾಲತಾಣದ ಫಾರ್ಮು ಬೇರೆ. ಸೆಲ್ಲರ್ ಅಕೌಂಟ್ ತೆರೆಯುವಾಗ ಜಿಎಸ್‌ಟಿ ನಂಬರ್ ಕೇಳುವ ಕಡೆ ಅದು ಇಲ್ಲದೆ ಮುಂದಿನ ಪುಟಕ್ಕೇ ಹೋಗ್ಲಿಕ್ಕಾಗುದಿಲ್ಲ, ಹಾಗಾಗಿ ಯಾವುದರಲ್ಲಿ ಮಾರ್ತೀರೋ ಅವರ ನಿಯಮ ನೋಡಿಯೇ ನಿರ್ಧಾರ ಮಾಡಿ. ಮತ್ತೆ ಅತ್ತಿಗೆ ಹಾಗೆ ಹಪ್ಪಳದ ಜೊತೆ ಮಿಡಿ ಉಪ್ಪಿನಕಾಯಿ ಒಂದು ಬಾಟ್ಲಿ ಇಟ್ಟ ಕೂಡ್ಲೆ ಲೆಕ್ಕ ಬದಲಾಗ್ತದೆ, ಉಪ್ಪಿನಕಾಯಿಗೆ ಟ್ಯಾಕ್ಸ್ ಉಂಟು, ಮೊದಲು 12 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿದಿದೆ. ನಾವು ರಿಜಿಸ್ಟ್ರೇಷನ್ ಮಾಡಿದ್ದು ಆ ಉಪ್ಪಿನಕಾಯಿಯ ದೆಸೆಯಿಂದ.

ರಿಜಿಸ್ಟ್ರೇಷನಿಗೆ ಸರ್ಕಾರಕ್ಕೆ ಒಂದು ಪೈಸೆ ಫೀಸ್ ಇಲ್ಲ. ಇದನ್ನು ಒತ್ತಿ ಹೇಳ್ತೇನೆ, ಯಾಕಂದ್ರೆ ನಮ್ಮ ಹತ್ರ ಒಬ್ಬರು ಗವರ್ನಮೆಂಟ್ ಫೀಸ್ ಅಂತಲೇ 3000 ಕೇಳಿದ್ರು. ಮಾಡಿ ಕೊಟ್ಟ ಕೆಲಸಕ್ಕೆ ಕೂಲಿ ಕೇಳಿದ್ರೆ ಕೊಡುವ, ಇಲ್ಲದ ಫೀಸ್ ಹೆಸರಲ್ಲಿ ಕೊಡುದು ಬೇಡ. ಪೋರ್ಟಲಲ್ಲಿ ಪ್ಯಾನ್, ಮೊಬೈಲ್, ಇಮೇಲ್ ಹಾಕಿದ್ರೆ ಒಟಿಪಿ ಬರ್ತದೆ, ಆಮೇಲೆ ಸಿಗುವ ತಾತ್ಕಾಲಿಕ ನಂಬರಲ್ಲಿ 15 ದಿನದೊಳಗೆ ಬಾಕಿ ಫಾರ್ಮ್ ತುಂಬಿಸ್ಬೇಕು. ಫೋಟೊ, ಆಧಾರ್, ವ್ಯಾಪಾರದ ಜಾಗದ ದಾಖಲೆ ಬೇಕು. ಮನೆಯೇ ವ್ಯಾಪಾರದ ಜಾಗ ಆಗ್ಬಹುದು, ಪಂಚಾಯತಿನ ಮನೆ ತೆರಿಗೆ ರಶೀದಿ ಅಥವಾ ಕೆಎಸ್‌ಇಬಿ ಕರೆಂಟ್ ಬಿಲ್ ಸಾಕು, ಮನೆ ಮಾವನ ಹೆಸರಲ್ಲೋ ಗಂಡನ ಹೆಸರಲ್ಲೋ ಇದ್ರೆ ಅವರ ಒಪ್ಪಿಗೆ ಪತ್ರವೂ ಜೊತೆಗೆ ಹಾಕ್ಬೇಕು. ಆಧಾರ್ ದೃಢೀಕರಣ ಸರಿಯಾಗಿ ಆದ್ರೆ ಮಾಮೂಲಾಗಿ ಏಳು ಕೆಲಸದ ದಿನದಲ್ಲಿ ನಂಬರ್ ಬರ್ತದೆ, ಜಾಗ ನೋಡ್ಲಿಕ್ಕೆ ಬರ್ತಾರಾದ್ರೆ 30 ದಿನದ ತನಕ ಹೋಗ್ತದೆ. ನಂಬರ್ 32ರಿಂದ ಶುರುವಾಗ್ತದೆ, ಅದು ಕೇರಳದ ಕೋಡ್, ಕರ್ನಾಟಕದ್ದು 29. ನಂಬರ್ ಬಂದ ಮೇಲೆ ಬಾಗಿಲಲ್ಲಿ ಹೆಸರು, ಜಿಎಸ್‌ಟಿ ನಂಬರ್ ಬರೆದ ಬೋರ್ಡ್ ಹಾಕ್ಬೇಕು, ಮನೆಯಾದ್ರೂ ಹಾಕ್ಲೇಬೇಕು.

ನಮಗೆ ಎಲ್ಲಿ ಸಿಕ್ಕಿ ಬಿತ್ತು ಅಂದ್ರೆ ಹೆಸರಲ್ಲಿ. ಅತ್ತಿಗೆಯ ಆಧಾರಲ್ಲಿ ಗಂಡನ ಹೆಸರು ಸೇರಿಸಿ ಬರೆದಿದೆ, ಪ್ಯಾನಲ್ಲಿ ಅಪ್ಪನ ಮನೆಯ ಇನಿಶಿಯಲ್, ತೆರಿಗೆ ರಶೀದಿ ಮಲಯಾಳದಲ್ಲಿ, ಅದ್ರಲ್ಲಿ ಮನೆ ಹೆಸರಿನ ಉಚ್ಚಾರವೇ ಬೇರೆ, ಕರೆಂಟ್ ಬಿಲ್ಲಲ್ಲಿ ಇನ್ನೊಂದು ತರ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಹೀಗಾಗುದು ನಮ್ಮ ತಾಲೂಕಿನ ಪ್ರತಿ ಮನೆಯ ಕಷ್ಟ. ಅರ್ಜಿಗೆ ನೋಟಿಸ್ ಬಂತು, ವಿಳಾಸ ತಾಳೆ ಆಗುದಿಲ್ಲ ಅಂತ. ಇಂಥ ನೋಟಿಸ್ ಬಂದ್ರೆ ಏಳು ಕೆಲಸದ ದಿನದೊಳಗೆ ಉತ್ತರ ಹಾಕ್ಬೇಕು, ಇಲ್ಲದಿದ್ರೆ ಅರ್ಜಿ ಬಿದ್ದು ಹೋಗ್ತದೆ, ನೋಟಿಸ್ ಇಮೇಲಿಗೆ ಬರುದ್ರಿಂದ ದಿನಾ ಇಮೇಲ್ ನೋಡಿ. ನಾವು ಪಂಚಾಯತಿನಿಂದ ಎರಡೂ ಮನೆ ಹೆಸರು ಒಂದೇ ಅಂತ ಬರೆಸಿ ತಂದು ಹಾಕಿದೆವು, ಆಮೇಲೆ ಪಾಸಾಯ್ತು. ನೀವು ಹಾಗೆ ಮಾಡ್ಬೇಡಿ, ಅರ್ಜಿ ಹಾಕುವ ಒಂದು ತಿಂಗಳು ಮೊದಲೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ ನೋಡಿ, ತಪ್ಪಿದ್ದನ್ನು ಸರಿ ಮಾಡಿಸಿ. ಪಂಚಾಯತಿಗೆ ಕನ್ನಡದಲ್ಲೇ ಅರ್ಜಿ ಬರೆದು ಕೊಡ್ಲಿಕ್ಕೆ ಹಿಂಜರಿಯುದು ಬೇಡ, ಕೇರಳದ 1969ರ ಆಡಳಿತ ಭಾಷೆ ಕಾನೂನಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಸರ್ಕಾರದ ಜೊತೆ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟದ್ದುಂಟು.

ಇನ್ನೊಂದು ದಾರಿ ಬಗ್ಗೆ ಎಲ್ರೂ ಕೇಳ್ತಾರೆ, ವಿಟ್ಲದಲ್ಲಿ ಚಿಕ್ಕಮ್ಮನ ಮನೆ ಉಂಟು, ಅಲ್ಲಿಯ ವಿಳಾಸ ಕೊಟ್ಟು ಕರ್ನಾಟಕದಲ್ಲೇ ರಿಜಿಸ್ಟರ್ ಮಾಡಿದ್ರಾಯ್ತಲ್ವಾ ಅಂತ. ನಿಜವಾಗಿ ಅಲ್ಲಿಂದಲೇ ಮಾಡಿ, ಅಲ್ಲಿಂದಲೇ ಪ್ಯಾಕ್ ಮಾಡಿ ಕಳಿಸುದಾದ್ರೆ ಅಡ್ಡಿಯಿಲ್ಲ. ಆದ್ರೆ ಪೆರ್ಲದಲ್ಲಿ ಉಪ್ಪಿನಕಾಯಿ ಮಾಡಿ ವಿಟ್ಲದ ಹೆಸರಲ್ಲಿ ಮಾರುದಾದ್ರೆ, ಪೆರ್ಲದಿಂದ ವಿಟ್ಲಕ್ಕೆ ಹೋಗುವ ಭರಣಿಯೂ ಲೆಕ್ಕಕ್ಕೆ ಬರ್ತದೆ, ಒಂದೇ ಪ್ಯಾನ್ ಆದ್ರೂ ಎರಡು ರಾಜ್ಯದಲ್ಲಿದ್ರೆ ಕಾನೂನು ಇಬ್ಬರು ಬೇರೆ ಬೇರೆ ವ್ಯಾಪಾರಿ ಅಂತಲೇ ನೋಡ್ತದೆ, ಆಗ ಎರಡೂ ಕಡೆ ನಂಬರ್, ಎರಡೂ ಕಡೆ ರಿಟರ್ನ್. ಆಹಾರದ ಲೈಸೆನ್ಸಲ್ಲಿ ಪೆರ್ಲದ ಅಡುಗೆಮನೆ, ಬಿಲ್ಲಲ್ಲಿ ವಿಟ್ಲ ಅಂತಾದ್ರೆ ಅದೂ ತೊಂದರೆ. ಜಾಲತಾಣದವರ ಕರ್ನಾಟಕದ ಗೋದಾಮಿನಲ್ಲಿ ಸರಕು ಇಡ್ಲಿಕ್ಕೂ ಕರ್ನಾಟಕದ ನಂಬರ್ ಬೇಕಾಗ್ತದೆ, ಶುರುವಿಗೆ ಅದೆಲ್ಲ ಬೇಡ, ಮನೆಯಿಂದಲೇ ಕಳಿಸಿ. ಕೇರಳದ ನಂಬರ್ ಒಂದಿದ್ರೆ ಇಡೀ ದೇಶಕ್ಕೆ ಮಾರ್ಬಹುದು. ಪಾರ್ಸೆಲ್ ಜೊತೆ ಬಿಲ್ ಇರ್ಬೇಕು, 50,000ಕ್ಕಿಂತ ಹೆಚ್ಚಿನ ಸರಕು ಒಟ್ಟಿಗೆ ಹೋಗುದಾದ್ರೆ ಮಾತ್ರ ಇ-ವೇ ಬಿಲ್ (ಸರಕು ಸಾಗಿಸ್ಲಿಕ್ಕೆ ಆನ್‌ಲೈನಲ್ಲಿ ಮಾಡುವ ಚೀಟಿ).

ಈಗ ತಿನ್ನುವ ಸಾಮಾನಿನ ಲೈಸೆನ್ಸ್, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯದ್ದು. ಇದ್ರಲ್ಲಿ ವಿನಾಯ್ತಿ ಇಲ್ಲ, ಟ್ಯಾಕ್ಸ್ ಸೊನ್ನೆ ಆದ್ರೂ, ದಿನಕ್ಕೆ ಹತ್ತು ಹಪ್ಪಳ ಮಾಡಿದ್ರೂ ಬೇಕು. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದೊಳಗಿನ ಸಣ್ಣವರಿಗೆ ರಿಜಿಸ್ಟ್ರೇಷನ್, ವರ್ಷಕ್ಕೆ 100 ರೂಪಾಯಿ, ಅದರ ಮೇಲಿನವರಿಗೆ ಲೈಸೆನ್ಸ್ ಅಂತ ಇಟ್ಟದ್ದು, ಮಿತಿ ಫೀಸ್ ಎಲ್ಲ ಆಗಾಗ ತಿದ್ದುಪಡಿ ಆಗುದ್ರಿಂದ ಅರ್ಜಿ ಹಾಕುವ ದಿನ ಅವರ ಫೋಸ್ಕೋಸ್ ಪೋರ್ಟಲಲ್ಲಿ ತೋರಿಸುದನ್ನೇ ನಂಬಿ. ಅಲ್ಲಿ ಫೋಟೊ, ಗುರುತಿನ ಚೀಟಿ, ವಿಳಾಸ, ಎಂತೆಲ್ಲ ಮಾಡ್ತೀರಿ ಅಂತ ಕೊಡ್ಬೇಕು. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲ ಬೇರೆ ಬೇರೆ ವರ್ಗಕ್ಕೆ ಬರ್ತದೆ, ಮುಂದೆ ಮಾಡುವ ಅಂದಾಜು ಇರುದನ್ನೂ ಈಗಲೇ ಸೇರಿಸಿದ್ರೆ ಮತ್ತೆ ತಿದ್ದುಪಡಿಗೆ ಓಡುದು ತಪ್ತದೆ. ಫುಡ್ ಸೇಫ್ಟಿ ಆಫೀಸರ ಸರ್ಕಲ್ ಕೇರಳದಲ್ಲಿ ವಿಧಾನಸಭಾ ಕ್ಷೇತ್ರದ ಲೆಕ್ಕದಲ್ಲಿ, ಪೆರ್ಲ ಇರುವ ಎಣ್ಮಕಜೆ ಪಂಚಾಯತಿನವರು ಮಂಜೇಶ್ವರಕ್ಕೆ ಬರ್ತಾರೆ, ಬದಿಯಡ್ಕದವರು ಕಾಸರಗೋಡಿಗೆ, ಪಕ್ಕಪಕ್ಕದ ಊರಾದ್ರೂ ಆಫೀಸರ್ ಬೇರೆ.

ಅವರು ನೋಡ್ಲಿಕ್ಕೆ ಬಂದ್ರೆ ಗಾಬರಿ ಬೀಳುದು ಬೇಡ, ಆದ್ರೆ ಹಗುರಾಗಿಯೂ ತಗೊಳ್ಬೇಡಿ. ನಮ್ಮ ಜಿಲ್ಲೆಯಲ್ಲೇ 2022ರಲ್ಲಿ ಚೆರುವತ್ತೂರಲ್ಲಿ ಶವರ್ಮ ತಿಂದು ಶಾಲೆಗೆ ಹೋಗುವ ಹುಡುಗಿ ತೀರಿಹೋದಳು, ಅದರ ನಂತರ ಇಡೀ ರಾಜ್ಯದಲ್ಲಿ ತಪಾಸಣೆ ಬಿಗಿ ಆಯ್ತು, ಆಗ್ಬೇಕಾದ್ದೇ. ಆಹಾರ ಮುಟ್ಟಿ ಮಾಡುವವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಕೇರಳದಲ್ಲಿ ಹೆಲ್ತ್ ಕಾರ್ಡ್ ಅಂತ ಹೇಳುದು ಅದನ್ನೇ, ಹಪ್ಪಳ ಒತ್ತಲಿಕ್ಕೆ ನೆರೆಮನೆಯ ಅಕ್ಕ ಬರುದಾದ್ರೆ ಅವರದ್ದೂ ಮಾಡಿಸಿ. ನೀರಿನ ವಿಷಯ ನಮ್ಮ ಕಡೆಗೆ ಮುಖ್ಯ. ನಮ್ಮಲ್ಲಿ ಬಾವಿ ಇಲ್ಲ, ಗುಡ್ಡದ ಸುರಂಗದ ನೀರು, ತಲೆಮಾರಿಂದ ಅದನ್ನೇ ಕುಡಿದದ್ದು, ಆದ್ರೂ ಪರೀಕ್ಷೆಯ ರಿಪೋರ್ಟ್ ಇಲ್ಲದೆ ಕುಡಿಯುವ ನೀರು ಅಂತ ಬಾಯಲ್ಲಿ ಹೇಳಿದ್ರೆ ಸಾಲುದಿಲ್ಲ, ಮಾನ್ಯತೆ ಇರುವ ಲ್ಯಾಬಲ್ಲಿ ಮಾಡಿಸಿದ ರಿಪೋರ್ಟ್ ಇಟ್ಕೊಳ್ಳಿ. ಮಳೆ ಶುರುವಾದ ಮೇಲೆ ನೀರು ಬದಲಾಗ್ತದೆ, ಅತ್ತಿಗೆ ಜೂನಲ್ಲಿ ಇನ್ನೊಮ್ಮೆ ಮಾಡಿಸ್ತಾರೆ, ಅದು ಯಾರೂ ಕೇಳಿ ಅಲ್ಲ.

ಎಫ್‌ಎಸ್‌ಎಸ್‌ಎಐ ನಂಬರ್ ಬಂದ್ರೆ ಅದು 14 ಅಂಕಿದ್ದು, ರಿಜಿಸ್ಟ್ರೇಷನ್ ಆದ್ರೆ 2ರಿಂದ ಶುರು, ಲೈಸೆನ್ಸ್ ಆದ್ರೆ 1ರಿಂದ. ಇದು ಪ್ರತಿ ಪ್ಯಾಕೆಟಿನ ಮೇಲೆ ಬರ್ಬೇಕು. ಲೇಬಲಲ್ಲಿ ಸಾಮಾನಿನ ಹೆಸರು, ಹಾಕಿದ ವಸ್ತುಗಳು ಹೆಚ್ಚಿನದ್ದರಿಂದ ಕಮ್ಮಿಗೆ, ಸಸ್ಯಾಹಾರದ ಹಸಿರು ಗುರುತು, ತೂಕ, ಬ್ಯಾಚ್, ಮಾಡಿದ ದಿನ, ಎಷ್ಟು ದಿನದೊಳಗೆ ಉಪಯೋಗಿಸ್ಬೇಕು, ನಿಮ್ಮ ಹೆಸರು ವಿಳಾಸ, ಎಲ್ಲಾ ಟ್ಯಾಕ್ಸ್ ಸೇರಿದ ಎಂಆರ್‌ಪಿ, ದೂರು ಹೇಳ್ಲಿಕ್ಕೆ ಫೋನ್ ನಂಬರ್, ಇಮೇಲ್. ಕನ್ನಡದಲ್ಲಿ ಬರೆಯಿರಿ, ಖಂಡಿತ ಬರೆಯಿರಿ, ಆದ್ರೆ ಕನ್ನಡ ಮಾತ್ರ ಸಾಕಾಗುದಿಲ್ಲ, ಕಡ್ಡಾಯದ ವಿವರ ಇಂಗ್ಲಿಷಲ್ಲೋ ಹಿಂದಿಯಲ್ಲೋ ಇರ್ಲೇಬೇಕು. ಜಾಲತಾಣದಲ್ಲಿ ಮಾರುವಾಗ ಇನ್ನೊಂದುಂಟು, ಗಿರಾಕಿ ಕೈಗೆ ಸಿಗುವಾಗ ಬಾಳಿಕೆಯ 30 ಪರ್ಸೆಂಟ್ ಅಥವಾ 45 ದಿನ ಬಾಕಿ ಇರ್ಬೇಕು ಅಂತ 2024ರ ನವೆಂಬರಲ್ಲಿ ಎಫ್‌ಎಸ್‌ಎಸ್‌ಎಐ ಜಾಲತಾಣದವರಿಗೆ ಹೇಳಿದೆ, ಹಾಗಾಗಿ ಹಳೆ ಸ್ಟಾಕ್ ಅಲ್ಲಿ ಹಾಕುವ ಯೋಚನೆ ಬೇಡ. ಮತ್ತೆ ಪ್ಯಾಕೆಟಲ್ಲಿ ಇಲ್ಲದ ಗುಣವನ್ನು ಜಾಲತಾಣದ ವಿವರಣೆಯಲ್ಲಿ ಬರೀಲಿಕ್ಕಿಲ್ಲ.

ತೂಕ ಎಂಆರ್‌ಪಿ ವಿಷಯಕ್ಕೆ ಇನ್ನೊಂದು ಇಲಾಖೆ ಉಂಟು, ಲೀಗಲ್ ಮೆಟ್ರಾಲಜಿ. ಇದನ್ನು ನಮಗೆ ಯಾರೂ ಹೇಳ್ಲೇ ಇಲ್ಲ. ಮೊದಲೇ ಪ್ಯಾಕ್ ಮಾಡಿ ಮಾರುವವರು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಪ್ಯಾಕರ್ ಅಂತ ಹೆಸರು ನೋಂದಾಯಿಸ್ಬೇಕು, ಶುರು ಮಾಡಿ 90 ದಿನದೊಳಗೆ, ಫೀಸ್ 500. ಇದು ಹಪ್ಪಳಕ್ಕೆ ಮಾತ್ರ ಅಲ್ಲ, ಪ್ಯಾಕ್ ಮಾಡಿದ ಹಾಳೆ ತಟ್ಟೆಗೂ ಬೇಕು, ಅಲ್ಲಿ ತೂಕದ ಬದಲು ಎಷ್ಟು ತಟ್ಟೆ ಅಂತ ಬರೆಯುದು. ತೂಗುವ ಮೆಷಿನಿಗೆ ವರ್ಷ ವರ್ಷ ಸೀಲ್ ಹಾಕಿಸ್ಬೇಕು. ಆನ್‌ಲೈನಲ್ಲಿ ಸಿಗುವ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಮಾರ್ಲಿಕ್ಕಾಗುದಿಲ್ಲ, ನಾವು ಮೊದಲು ಅದೇ ತಪ್ಪು ಮಾಡಿದ್ದು. ಹಪ್ಪಳ ಮಳೆಗಾಲದಲ್ಲಿ ತೇವ ಎಳೆದು ತೂಕ ಹೆಚ್ಚು ತೋರಿಸ್ತದೆ, ಅದು ಮತ್ತೆ ಒಣಗಿದ್ರೆ ಗಿರಾಕಿಗೆ ಕಮ್ಮಿ ಸಿಗ್ತದೆ, ಚೆನ್ನಾಗಿ ಒಣಗಿದ ಮೇಲೆ ತೂಗಿ ನಾಲ್ಕು ಗ್ರಾಂ ಹೆಚ್ಚೇ ಹಾಕಿ.

ಸಾಬೂನು, ತಲೆಗೆ ಹಚ್ಚುವ ಎಣ್ಣೆ ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಿ. ಅಡುಗೆಗೆ ಅಂತ ಪ್ಯಾಕ್ ಮಾಡಿದ ತೆಂಗಿನೆಣ್ಣೆಗೆ ಎಫ್‌ಎಸ್‌ಎಸ್‌ಎಐ ಸಾಕು. ಸಣ್ಣ ಬಾಟ್ಲಿಯ ತೆಂಗಿನೆಣ್ಣೆ ತಿನ್ನುದಾ ತಲೆಗೆ ಹಚ್ಚುದಾ ಅಂತ ಟ್ಯಾಕ್ಸಿನವರ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ, ಆಹಾರದ ನಿಯಮಕ್ಕೆ ಸರಿಯಾಗಿ ಪ್ಯಾಕ್ ಮಾಡಿದ್ರೆ ಸಣ್ಣ ಬಾಟ್ಲಿಯೂ ಅಡುಗೆ ಎಣ್ಣೆಯೇ ಅಂತ 2024ರ ಡಿಸೆಂಬರಲ್ಲಿ ತೀರ್ಪಾಯ್ತು. ಆದ್ರೆ ಅದಕ್ಕೇ ದಾಸವಾಳ, ಗರುಗದ ಸೊಪ್ಪು ಹಾಕಿ ಕಾಯಿಸಿ ಕೂದಲಿಗೆ ಅಂತ ಮಾರಿದ್ರೆ ಅದು ಕಾಸ್ಮೆಟಿಕ್, ಮನೆಯಲ್ಲಿ ಮಾಡಿದ ಸಾಬೂನೂ ಕಾಸ್ಮೆಟಿಕ್, 2020ರ ಕಾಸ್ಮೆಟಿಕ್ಸ್ ನಿಯಮದಲ್ಲಿ ರಾಜ್ಯದ ಡ್ರಗ್ಸ್ ಕಂಟ್ರೋಲ್ ಇಲಾಖೆಯಿಂದ ತಯಾರಿಕೆಯ ಲೈಸೆನ್ಸ್ ಬೇಕು, ಅದು 100 ರೂಪಾಯಿ ಕೆಲಸ ಅಲ್ಲ, ಜಾಗ, ಸಲಕರಣೆ, ಓದಿದ ಜನ ಎಲ್ಲ ಕೇಳ್ತಾರೆ. ಅದೇ ಎಣ್ಣೆಗೆ ಕೂದಲುದುರುದು ನಿಲ್ತದೆ, ತಲೆನೋವು ಗುಣ ಆಗ್ತದೆ ಅಂತ ಬರೆದ್ರೆ ಔಷಧದ ಲೆಕ್ಕಕ್ಕೆ ಹೋಗ್ತದೆ, ಆಯುರ್ವೇದ ಔಷಧಕ್ಕೆ ಬೇರೆಯೇ ಲೈಸೆನ್ಸ್. ಲೈಸೆನ್ಸ್ ಇರುವವರ ಹತ್ರ ಮಾಡಿಸಿ ನಿಮ್ಮ ಹೆಸರಲ್ಲಿ ಮಾರುವ ದಾರಿ ಉಂಟು, ಸಣ್ಣವರಿಗೆ ನನ್ನ ಪ್ರಕಾರ ಅದೇ ಒಳ್ಳೆದು. ಕಾಸರಗೋಡು ಸೀರೆ ಮಾರುವವರಿಗೆ ಒಂದು ಮಾತು, ಆ ಹೆಸರಿಗೆ ಜಿಐ ಟ್ಯಾಗ್ (ಆ ಊರಿನ ಅಸಲಿ ಸಾಮಾನಿಗೆ ಮಾತ್ರ ಸಿಗುವ ಗುರುತು) ಉಂಟು, ಪವರ್‌ಲೂಮ್ ಸೀರೆಗೆ ಆ ಹೆಸರು ಹಾಕಿ ಮಾರಿದ್ರೆ ಕೇಸಾಗ್ತದೆ, ನೇಕಾರರ ಹೊಟ್ಟೆಗೂ ಹೊಡೆದ ಹಾಗೆ.

ಪಂಚಾಯತ್ ಲೈಸೆನ್ಸ್ ಈಗ ಕೇರಳದ ಪಂಚಾಯತ್ ಸೇವೆಗಳ ಪೋರ್ಟಲ್ ಕೆ-ಸ್ಮಾರ್ಟ್ ಮೂಲಕ ಆನ್‌ಲೈನ್. ಶುರುವಿಗೆ ಉದ್ದಿಮೆಗಳ ಅನುಮತಿಗೆ ಇರುವ ಕೆ-ಸ್ವಿಫ್ಟ್ ಪೋರ್ಟಲ್ ನೋಡಿ, 2019ರಲ್ಲಿ ಕೇರಳ ತಂದ ಸಣ್ಣ ಉದ್ದಿಮೆಯ ಕಾನೂನಲ್ಲಿ ಸ್ವಯಂ ಘೋಷಣೆ ಕೊಟ್ರೆ ಒಂದು ಸ್ವೀಕೃತಿ ಪತ್ರ ಸಿಗ್ತದೆ, ಅದ್ರಲ್ಲಿ ಪಂಚಾಯತ್ ಮುಂತಾದ ರಾಜ್ಯದ ಅನುಮತಿಗೆ ಕಾಯದೆ ಕೆಲಸ ಶುರು ಮಾಡ್ಬಹುದು. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಕೇಂದ್ರದ ಕಾನೂನು, ಅದಕ್ಕೆ ಈ ಪತ್ರ ನಡೆಯುದಿಲ್ಲ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಕೇಂದ್ರದ ಪೋರ್ಟಲಲ್ಲಿ ಹೆಸರು ಹಾಕುದು) ಕಡ್ಡಾಯ ಅಲ್ಲ, ಆದ್ರೆ ಪುಕ್ಕಟೆ, ಆಧಾರ್ ಇದ್ರೆ ಹತ್ತು ನಿಮಿಷದ ಕೆಲಸ, ಸಾಲಕ್ಕೆ ಹೋಗುವಾಗ ಉಪಯೋಗ ಆಗ್ತದೆ, ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಹಾಕುವಾಗ ಒಬ್ಬೊಬ್ಬ ವ್ಯಕ್ತಿಗೆ, ಸಣ್ಣ ಉದ್ದಿಮೆಗೆ ಆನ್‌ಲೈನ್ ಫೀಸ್ 4500, ದೊಡ್ಡ ಕಂಪೆನಿಗೆ 9000. ಟ್ರೇಡ್‌ಮಾರ್ಕ್ ಇಲ್ಲದೆಯೂ ಮಾರ್ಬಹುದು, ಮೊದಲ ವರ್ಷ ನಾವು ಮಾಡ್ಲಿಲ್ಲ.

ಮಾರ್ಲಿಕ್ಕೆ ಶುರುವಾದ ಮೇಲೆ ಬರುವ ದುಡ್ಡು ಲೆಕ್ಕಕ್ಕಿಂತ ಕಮ್ಮಿ ಕಂಡ್ರೆ ಹೆದರ್ಬೇಡಿ. ಜಿಎಸ್‌ಟಿ ಇರುವವರ ಟ್ಯಾಕ್ಸ್ ಬರುವ ಮಾರಾಟದಲ್ಲಿ ಜಾಲತಾಣದವರು ಅರ್ಧ ಪರ್ಸೆಂಟ್ ಟಿಸಿಎಸ್ (ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಟ್ಯಾಕ್ಸ್) ಹಿಡೀತಾರೆ, 2024ರ ಜುಲೈ 10ರ ಮೊದಲು ಅದು ಒಂದು ಪರ್ಸೆಂಟ್ ಇತ್ತು. ಆ ದುಡ್ಡು ನಿಮ್ಮದೇ, ಪೋರ್ಟಲಲ್ಲಿ ಟಿಸಿಎಸ್ ಕ್ರೆಡಿಟ್ ಅಂತ ಬಂದದ್ದನ್ನು ನೀವೇ ಸ್ವೀಕಾರ ಮಾಡಿದ್ರೆ ಮಾತ್ರ ನಿಮ್ಮ ಖಾತೆಗೆ ಸೇರ್ತದೆ, ಬಹಳ ಜನ ಇದನ್ನು ಮಾಡದೆ ಬಿಡ್ತಾರೆ. ರಿಟರ್ನ್ ಮೂರು ತಿಂಗಳಿಗೊಮ್ಮೆ ಹಾಕುವ ಆಯ್ಕೆ ತಗೊಳ್ಳಿ, ಟ್ಯಾಕ್ಸ್ ಮಾತ್ರ ತಿಂಗಳು ತಿಂಗಳು ಕಟ್ಟುದು. ವ್ಯಾಪಾರ ಇಲ್ಲದ ಮಳೆಗಾಲದಲ್ಲಿಯೂ ಸೊನ್ನೆ ರಿಟರ್ನ್ ಹಾಕ್ಲೇಬೇಕು, ಇಲ್ಲದಿದ್ರೆ ದಿನಕ್ಕೆ 20 ರೂಪಾಯಿ ದಂಡ ಬೆಳೀತಾ ಹೋಗ್ತದೆ.

ಹಲಸು ಬಲಿತು ಹಪ್ಪಳದ ಕೆಲಸ ಶುರುವಾಗುದು ಮಾರ್ಚಿನ ಹೊತ್ತಿಗೆ, ಮೇ ಕೊನೆಗೆ ಮಳೆ ಹಿಡಿದ್ರೆ ಒಣಗಿಸುದೇ ಕಷ್ಟ. ಹಾಗಾಗಿ ಹೆಸರು ಸರಿ ಮಾಡಿಸುದು ನವೆಂಬರಲ್ಲಿ, ನೀರಿನ ಪರೀಕ್ಷೆ ಮತ್ತೆ ಎಫ್‌ಎಸ್‌ಎಸ್‌ಎಐ ಡಿಸೆಂಬರಲ್ಲಿ, ಜಿಎಸ್‌ಟಿ ಜನವರಿಯಲ್ಲಿ ಇಟ್ಕೊಳ್ಳಿ. ಸ್ಟಿಕ್ಕರ್ ಪ್ರಿಂಟ್ ಮಾಡಿಸುದು ಎಲ್ಲಾ ನಂಬರ್ ಕೈಗೆ ಬಂದ ಮೇಲೆ. ಅತ್ತಿಗೆ ಆಸೆಯಿಂದ ಮೊದಲೇ 500 ಸ್ಟಿಕ್ಕರ್ ಚೆಂದದ ಹಲಸಿನಕಾಯಿ ಚಿತ್ರ ಹಾಕಿ ಮಾಡಿಸಿದ್ರು, 14 ಅಂಕಿಯ ನಂಬರಿಗೆ ಜಾಗವೇ ಬಿಟ್ಟಿರ್ಲಿಲ್ಲ, ಅಷ್ಟೂ ಹಾಳಾಯ್ತು. ಈ ಸಲ 200 ಮಾಡಿಸಿದ್ದಾರೆ, ಅದ್ರಲ್ಲಿ ಮಾಡಿದ ದಿನ, ಬ್ಯಾಚ್ ಬರೀಲಿಕ್ಕೆ ಖಾಲಿ ಜಾಗ ಬಿಟ್ಟು.